ತಂದೂರಿನ ಗೋಡೆಯೂ ನಾನ್ ರೊಟ್ಟಿಯೂ

ಉತ್ತರ ಭಾರತದ ಊರುಗಳಲ್ಲಿ ಚಳಿಗಾಲದ ಸಂಜೆ ಬೀದಿಯಲ್ಲಿ ನಡೆದು ಹೋಗುವವನನ್ನು ತಡೆದು ನಿಲ್ಲಿಸುವ ಪರಿಮಳವೊಂದುಂಟು. ತಂದೂರಿನಿಂದ ಆಗತಾನೆ ಹೊರತೆಗೆದ ನಾನ್ ರೊಟ್ಟಿಯ ಪರಿಮಳವದು. ಮೇಲೆ ಅಲ್ಲಲ್ಲಿ ಎದ್ದ ಕಂದುಬಣ್ಣದ ಬೊಬ್ಬೆಗಳು. ಅಂಚು ಮುರಿದರೆ ಗರಿಗರಿ, ಒಳಗೆ ಹತ್ತಿಯಂತೆ ಮೃದು. ಕೆಲವು ವರ್ಷಗಳ ಹಿಂದೆ ಅಮೃತಸರದ ಬೀದಿಯಂಗಡಿಯೊಂದರ ಮುಂದೆ ನಿಂತು ಇದನ್ನು ಸವಿದು ಬಂದ ಮೇಲೆ, ನನ್ನ ಪತ್ನಿಯೂ ನಾನೂ ಸೇರಿ ಮನೆಯಲ್ಲಿ ಇದನ್ನು ಮಾಡಲು ಹೊರಟೆವು. ಮೊದಲ ದಿನ ಸಿದ್ಧವಾದುದು ಚಪ್ಪಲಿಯ ಅಟ್ಟೆಯನ್ನು ಹೋಲುವ ಒಂದು ವಸ್ತು. ತಪ್ಪು ಮೈದಾಹಿಟ್ಟಿನದೆಂದು ಅಂಗಡಿ ಬದಲಿಸಿದೆವು. ಆಮೇಲೆ ಮೊಸರಿನದೆಂದು ಮೊಸರನ್ನು ಬದಲಿಸಿದೆವು. ಅಟ್ಟೆ ಅಟ್ಟೆಯಾಗಿಯೇ ಉಳಿಯಿತು. ದೋಷ ಹಿಟ್ಟಿನದಲ್ಲ, ಉಷ್ಣದ್ದು ಎಂಬುದು ಕಾಲೇಜಿನಲ್ಲಿ ಉಷ್ಣಶಾಸ್ತ್ರವನ್ನು ಬೋಧಿಸುವ ನನಗೆ ಹೊಳೆಯಲು ಬಹುಕಾಲ ಹಿಡಿಯಿತೆಂದು ಸಂಕೋಚದಿಂದಲೇ ಒಪ್ಪಿಕೊಳ್ಳಬೇಕಾಗಿದೆ.

ಇದು ನಮ್ಮ ಮನೆಯ ಪ್ರಶ್ನೆ ಮಾತ್ರವಲ್ಲ. ದಿಲ್ಲಿಯಲ್ಲಿಯೂ ಅದರ ಸುತ್ತಣ ಪ್ರದೇಶದಲ್ಲಿಯೂ ವಾಯುಮಾಲಿನ್ಯ ಹೆಚ್ಚಿದಾಗ ಜಾರಿಗೆ ಬರುವ ನಿಯಮಗಳಲ್ಲಿ, ಹೋಟೆಲುಗಳ ತಂದೂರುಗಳಲ್ಲಿ ಇದ್ದಿಲು, ಸೌದೆಗಳನ್ನು ಉರಿಸಕೂಡದೆಂಬುದೂ ಒಂದು. ಕೆಂಡವಿಲ್ಲದ ತಂದೂರಿನಲ್ಲಿ ಬೆಂದ ನಾನ್, ನಾನ್ ಆದೀತೆ? ಈ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ತಂದೂರಿನ ಯಾವ ಭಾಗ ಯಾವ ಕೆಲಸವನ್ನು ಮಾಡುತ್ತದೆಂಬುದನ್ನು ಮೊದಲು ತಿಳಿಯಬೇಕು.

ಹಳೆಯ ವಂಶ

‘ನಾನ್’ ಎಂಬುದು ಪಾರಸಿ ಭಾಷೆಯ ಮಾತು. ರೊಟ್ಟಿಯೆಂದಷ್ಟೇ ಅದರ ಅರ್ಥ. ‘ತಂದೂರ್’ ಎಂಬ ಹೆಸರು ಇನ್ನೂ ಹಳೆಯದು. ಪ್ರಾಚೀನ ಮೆಸೊಪೊಟೇಮಿಯದ ಅಕ್ಕಾಡಿಯನ್ ಭಾಷೆಯಲ್ಲಿ ಒಲೆಗೆ ‘ತಿನೂರು’ ಎಂಬ ಹೆಸರಿತ್ತು. ಅದೇ ಪಾರಸಿಯಲ್ಲಿ ‘ತನೂರ್’ ಆಗಿ ನಮ್ಮಲ್ಲಿಗೆ ಬಂದಿತು. ಹದಿನಾರನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲನು ಬರೆದ ‘ಐನ್-ಇ-ಅಕ್ಬರಿ’ಯಲ್ಲಿ ಅಕ್ಬರನ ಪಾಕಶಾಲೆಯ ರೊಟ್ಟಿಗಳ ಅಳತೆಯೇ ಇದೆ. ಒಲೆಯೊಳಗೆ ಬೇಯಿಸುವ ದೊಡ್ಡ ರೊಟ್ಟಿಗೆ ೧೦ ಸೇರು ಹಿಟ್ಟು, ೫ ಸೇರು ಹಾಲು, ಒಂದೂವರೆ ಸೇರು ತುಪ್ಪ, ಕಾಲು ಸೇರು ಉಪ್ಪು. ತೆಳುವಾದ ರೊಟ್ಟಿಯನ್ನಾದರೋ ಕಬ್ಬಿಣದ ತಟ್ಟೆಯ ಮೇಲೆ ಬೇಯಿಸುತ್ತಿದ್ದರು. ದಪ್ಪ ರೊಟ್ಟಿಗೆ ಒಲೆ, ತೆಳು ರೊಟ್ಟಿಗೆ ಕಬ್ಬಿಣ ಎಂಬ ಈ ಭೇದ ಸುಮ್ಮನೆ ಬಂದುದಲ್ಲವೆಂಬುದು ಮುಂದೆ ತಿಳಿಯುವುದು. ಪಂಜಾಬದ ಹಳ್ಳಿಗಳಲ್ಲಿ ನೆರೆಹೊರೆಯ ಹೆಂಗಸರು ತಮ್ಮ ತಮ್ಮ ಕಣಕವನ್ನು ತಂದು ಒಂದೇ ತಂದೂರಿನಲ್ಲಿ ಬೇಯಿಸಿಕೊಳ್ಳುವ ಪದ್ಧತಿ ಬಹುಕಾಲದಿಂದ ಇತ್ತು. ೧೯೪೭ರ ದೇಶವಿಭಜನೆಯ ತರುವಾಯ ಪಶ್ಚಿಮ ಪಂಜಾಬದಿಂದ ದಿಲ್ಲಿಗೆ ಬಂದ ನಿರಾಶ್ರಿತರೊಡನೆ ತಂದೂರೂ ಬಂದು ನೆಲೆಸಿತು. ನಮ್ಮ ಬೆಂಗಳೂರು, ಮೈಸೂರುಗಳ ಹೋಟೆಲುಗಳಲ್ಲಿ ಇಂದು ದೊರೆಯುವ ನಾನ್ ಹೆಚ್ಚಾಗಿ ಈ ಪಂಜಾಬಿ ವಂಶದ್ದೇ.

ಕಣಕದ ಗುಣ

ಗೋಧಿಯಲ್ಲಿ ಗ್ಲೈಡಿನ್, ಗ್ಲುಟೆನಿನ್ ಎಂಬ ಎರಡು ಸಸಾರಜನಕ ದ್ರವ್ಯಗಳಿವೆ. ನೀರು ಬೆರೆಸಿ ನಾದಿದಾಗ ಇವೆರಡೂ ಹೆಣೆದುಕೊಂಡು ಗ್ಲುಟೆನ್ ಎಂಬ ಜಾಲವಾಗುತ್ತವೆ. ಇದು ರಬ್ಬರಿನಂತೆ ಹಿಗ್ಗಬಲ್ಲುದು, ಅನಿಲವನ್ನು ಹಿಡಿದಿಡಬಲ್ಲುದು. ರಾಗಿಗಾಗಲಿ ಜೋಳಕ್ಕಾಗಲಿ ಈ ಗುಣವಿಲ್ಲ. ಜೋಳದ ರೊಟ್ಟಿಯನ್ನು ಕೈಯಿಂದ ತಟ್ಟಬೇಕಾಗುವುದು ಇದರಿಂದಲೇ. ಕಣಕಕ್ಕೆ ಯೀಸ್ಟ್ ಹಾಕಿದರೆ ಅದು ಸಕ್ಕರೆಯನ್ನು ತಿಂದು ಇಂಗಾಲದ ಡೈ ಆಕ್ಸೈಡನ್ನು ಬಿಡುತ್ತದೆ. ಮೊಸರು, ಅಡುಗೆ ಸೋಡಗಳನ್ನು ಹಾಕಿದರೆ ಮೊಸರಿನ ಆಮ್ಲವು ಸೋಡದೊಡನೆ ವರ್ತಿಸಿ ಅದೇ ಅನಿಲವನ್ನು ಹೊರಡಿಸುತ್ತದೆ. ಹೇಗಾದರೂ ಕಣಕದಲ್ಲಿ ಅಸಂಖ್ಯಾತ ಸಣ್ಣ ಗುಳ್ಳೆಗಳು ತುಂಬುತ್ತವೆ. ಇಷ್ಟನ್ನು ನಮ್ಮ ಮನೆಯಲ್ಲಿಯೂ ಸರಿಯಾಗಿಯೇ ಮಾಡಿದ್ದೆವು.

ಉಷ್ಣದ ಮೂರು ದಾರಿ

ತಂದೂರೆಂದರೆ ದಪ್ಪ ಗೋಡೆಯ ಮಣ್ಣಿನ ಗುಡಾಣ. ಹೊಟ್ಟೆ ಅಗಲ, ಬಾಯಿ ಕಿರಿದು. ತಳದಲ್ಲಿ ಕೆಂಡ, ಪಕ್ಕದಲ್ಲಿ ಗಾಳಿಗೊಂದು ಸಣ್ಣ ಕಂಡಿ. ಗಂಟೆಗಟ್ಟಲೆ ಬೆಂಕಿ ಉರಿಸಿದ ಮೇಲೆ ಒಳಗೋಡೆಯ ಉಷ್ಣತೆ ೩೦೦ರಿಂದ ೪೫೦ ಡಿಗ್ರಿ ಸೆಂಟಿಗ್ರೇಡಿನವರೆಗೂ ಏರುತ್ತದೆ. ರೊಟ್ಟಿಯವನು ಕಣಕದ ಉಂಡೆಯನ್ನು ಕೈಯಲ್ಲಿಯೇ ತಟ್ಟಿ ಹಿಗ್ಗಿಸಿ, ಒಂದು ಮೈಗೆ ನೀರು ಸವರಿ, ಬಟ್ಟೆಯ ದಿಂಬಿನ ಮೇಲಿಟ್ಟು ಗೋಡೆಗೆ ಫಟ್ಟೆಂದು ಒತ್ತುತ್ತಾನೆ. ಒಂದು ಒಂದೂವರೆ ನಿಮಿಷದಲ್ಲಿ ಕಬ್ಬಿಣದ ಸಲಾಕೆಯಿಂದ ಕಿತ್ತು ಹೊರಗೆಳೆಯುತ್ತಾನೆ. ಗೋಡೆಯ ಮೇಲೆ ನೇತಾಡುವಾಗ ತನ್ನ ಭಾರದಿಂದಲೇ ಕೆಳಕ್ಕೆ ಜಗ್ಗುವುದರಿಂದ ನಾನಿಗೆ ಆ ಹನಿಯ ಆಕಾರ ಇನ್ನಷ್ಟು ಸ್ಪಷ್ಟವಾಗಿ ಬರುತ್ತದೆ.

ಉಷ್ಣವು ಸಾಗುವ ದಾರಿಗಳು ಮೂರು: ವಹನ, ಸಂವಹನ, ವಿಕಿರಣ. ಕಾವಲಿಯ ಮೇಲೆ ರೊಟ್ಟಿಗೆ ಒದಗುವುದು ಬಹುಮಟ್ಟಿಗೆ ವಹನವೊಂದೇ, ಅದೂ ಕೆಳಗಿನಿಂದ. ಮೇಲ್ಮೈ ಅಡುಗೆಮನೆಯ ತಣ್ಣನೆಯ ಗಾಳಿಗೆ ತೆರೆದಿರುತ್ತದೆ. ತಂದೂರಿನಲ್ಲಾದರೋ ಮೂರೂ ಒಟ್ಟಿಗೆ ನಡೆಯುತ್ತವೆ. ಬೆನ್ನಿಗೆ ಗೋಡೆಯಿಂದ ವಹನ, ಸುತ್ತಲೂ ಮೇಲೇರುವ ಬಿಸಿಗಾಳಿಯಿಂದ ಸಂವಹನ, ಎದುರು ಗೋಡೆಗಳಿಂದಲೂ ಕೆಂಡದಿಂದಲೂ ವಿಕಿರಣ. ಈ ಕೊನೆಯದೇ ನಮ್ಮ ಮನೆಯಲ್ಲಿ ತಪ್ಪಿಹೋಗಿದ್ದ ಅಂಶ.

ಕಾದ ವಸ್ತುವಿನಿಂದ ಹೊರಡುವ ವಿಕಿರಣವು ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆಂದು ೧೮೭೯ರಲ್ಲಿ ಸ್ಟೆಫಾನ್ ತೋರಿಸಿಕೊಟ್ಟನು. ೨೫೦ ಡಿಗ್ರಿಗೆ ಕಾದ ಮನೆಯ ಒಲೆಪೆಟ್ಟಿಗೆಯನ್ನೂ ೪೦೦ ಡಿಗ್ರಿಯ ತಂದೂರನ್ನೂ ಹೋಲಿಸಿ ನೋಡೋಣ. ಇವು ನಿರಪೇಕ್ಷ ಮಾನದಲ್ಲಿ ೫೨೩ ಮತ್ತು ೬೭೩. ಎರಡಕ್ಕೂ ಇರುವ ಅಂತರ ಅಲ್ಪವೆಂದೇ ತೋರುತ್ತದೆ. ಆದರೆ ನಾಲ್ಕನೆಯ ಘಾತಕ್ಕೆ ಏರಿಸಿದರೆ ತಂದೂರಿನ ವಿಕಿರಣ ಒಲೆಪೆಟ್ಟಿಗೆಯದರ ಎರಡೂಮುಕ್ಕಾಲು ಪಟ್ಟಿಗೆ ಹತ್ತಿರವಾಗುತ್ತದೆ. ೪೦೦ ಚದರ ಸೆಂಟಿಮೀಟರ್ ವಿಸ್ತಾರದ ನಾನಿನ ಮುಖದ ಮೇಲೆ ಸುಮಾರು ೪೫೦ ವಾಟ್ ಶಕ್ತಿ ಬೀಳುತ್ತದೆ. ಬಾಯಿ ಕಿರಿದಾದ್ದರಿಂದ ಒಳಗಿನ ವಿಕಿರಣ ಸುಲಭವಾಗಿ ಹೊರಗೆ ಹೋಗಲಾರದು; ಗೋಡೆಯಿಂದ ಗೋಡೆಗೆ ಸುತ್ತುತ್ತಿರುತ್ತದೆ. ಭೌತವಿಜ್ಞಾನದ ಪಾಠದಲ್ಲಿ ಕೃಷ್ಣಕಾಯವೆಂದು ನಾವು ವರ್ಣಿಸುವ, ಸಣ್ಣ ರಂಧ್ರವುಳ್ಳ ಪೊಳ್ಳು ಗೋಳಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಾಣೆ.

ಮಣ್ಣೇ ಏಕೆ?

ನಾಲ್ಕುನೂರು ಡಿಗ್ರಿಯ ಗೋಡೆಗೆ ಅಂಟಿದ ಬೆನ್ನು ಸುಟ್ಟು ಕರಿಕಾಗಬೇಡವೆ? ಚಳಿಗಾಲದ ಬೆಳಿಗ್ಗೆ ಹಿತ್ತಾಳೆಯ ಚೊಂಬನ್ನೂ ಮರದ ಮಣೆಯನ್ನೂ ಮುಟ್ಟಿ ನೋಡಿ. ಎರಡರ ಉಷ್ಣತೆಯೂ ಒಂದೇ. ಆದರೂ ಚೊಂಬು ಹೆಚ್ಚು ತಣ್ಣಗೆ ತೋರುತ್ತದೆ. ಲೋಹವು ಕೈಯ ಶಾಖವನ್ನು ಬೇಗ ಬೇಗ ಒಳಕ್ಕೆಳೆದುಕೊಳ್ಳುವುದೇ ಕಾರಣ. ತಂದೂರಿನಲ್ಲಿ ಇದೇ ವ್ಯಾಪಾರ ತಲೆಕೆಳಗಾಗಿ ನಡೆಯುತ್ತದೆ. ೪೦೦ ಡಿಗ್ರಿಯ ಉಕ್ಕಿನ ಗೋಡೆಗೆ ಕಣಕವನ್ನು ಒತ್ತಿದ್ದರೆ, ಸ್ಥೂಲವಾದ ಲೆಕ್ಕದಂತೆ, ಅವು ತಾಗುವೆಡೆಯಲ್ಲಿ ಉಷ್ಣತೆ ಒಡನೆಯೇ ೩೭೦ ಡಿಗ್ರಿಯ ಸಮೀಪಕ್ಕೆ ಹೋಗುತ್ತಿತ್ತು. ರೊಟ್ಟಿಯ ಬೆನ್ನು ಇದ್ದಿಲಾಗುತ್ತಿತ್ತು. ಸುಟ್ಟ ಮಣ್ಣಾದರೆ ಉಷ್ಣವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ತಾಗುವೆಡೆಯಲ್ಲಿ ೨೦೦ ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಬೆನ್ನು ಹದವಾಗಿ ಕೆಂಪಾಗುವಷ್ಟರಲ್ಲಿ ಮುಖವೂ ವಿಕಿರಣದಿಂದ ಬೆಂದಿರುತ್ತದೆ. ತಂದೂರಿನ ಗುಟ್ಟೆಲ್ಲ ಈ ಹೊಂದಾಣಿಕೆಯಲ್ಲಿದೆ. ತೆಳುವಾದ ರೊಟ್ಟಿ ಕೆಳಗಿನ ಶಾಖವೊಂದರಿಂದಲೇ ಬೆಂದೀತು. ದಪ್ಪ ರೊಟ್ಟಿಗೆ ಎರಡೂ ಮುಖಗಳಿಂದ ಶಾಖ ಬೇಕು. ಅಕ್ಬರನ ಬಾಣಸಿಗರು ಕಬ್ಬಿಣವನ್ನೂ ಒಲೆಯನ್ನೂ ಬೇರೆ ಬೇರೆ ಇಟ್ಟಿದ್ದುದರಲ್ಲಿ ಎಷ್ಟು ಅರ್ಥವಿದೆ ನೋಡಿ!

ಇನ್ನು ನಾನ್ ಬೀಳದಿರಲು ಕಾರಣ, ಸವರಿದ ನೀರು. ಬಿಸಿ ತಾಗಿದೊಡನೆ ಒದ್ದೆ ಮೈಯ ಪಿಷ್ಟವು ನೀರು ಹೀರಿ ಗಂಜಿಯ ಅಂಟಾಗುತ್ತದೆ. ಒರಟು ಮಣ್ಣಿನ ಸಂದುಗಳಿಗೆ ಕಚ್ಚಿಕೊಳ್ಳುತ್ತದೆ. ನೂರೈವತ್ತು ಗ್ರಾಂ ತೂಕವನ್ನು ಹಿಡಿದಿಡಲು ಅಷ್ಟು ಸಾಕು. ಬೆಂದು ತೇವ ಆರಿದಾಗ ಅಂಟು ಬಿಡುತ್ತದೆ; ಸಲಾಕೆಗೆ ಸುಲಭವಾಗಿ ಸಿಗುತ್ತದೆ. ಆ ಗಳಿಗೆ ತಪ್ಪಿದರೆ ರೊಟ್ಟಿ ಬೆಂಕಿಯ ಪಾಲು.

ಮೃದುತ್ವ ಮತ್ತು ಪರಿಮಳ

ಒಂದು ಪ್ರಮಾಣ ನೀರು ಆವಿಯಾದಾಗ ೧,೬೦೦ ಮಡಿಗೂ ಮಿಗಿಲಾಗಿ ಹಿಗ್ಗುತ್ತದೆ. ಉಷ್ಣ ಥಟ್ಟನೆ ನುಗ್ಗಿದಾಗ ಕಣಕದ ಗುಳ್ಳೆಗಳೊಳಕ್ಕೆ ಆವಿ ತುಂಬಿ, ಗ್ಲುಟೆನ್ ಜಾಲವನ್ನು ಉಬ್ಬಿಸುತ್ತದೆ. ಜಾಲ ಗಟ್ಟಿಯಾಗುವ ಮೊದಲೇ ಈ ಕೆಲಸ ಮುಗಿಯಬೇಕು. ಒಳಗೆ ನೀರಿರುವವರೆಗೆ ಅಲ್ಲಿಯ ಉಷ್ಣತೆ ೧೦೦ ಡಿಗ್ರಿಯನ್ನು ಮೀರದು. ಒಣಗಿದ ಹೊರಮೈಯಾದರೋ ೧೪೦ ಡಿಗ್ರಿಯನ್ನು ದಾಟುತ್ತದೆ. ಸಕ್ಕರೆಗೂ ಸಸಾರಜನಕ ದ್ರವ್ಯಗಳಿಗೂ ನಡುವೆ, ೧೯೧೨ರಲ್ಲಿ ಫ್ರಾನ್ಸಿನ ಮೈಯಾರ್ ವಿವರಿಸಿದ ಕ್ರಿಯೆ ತೊಡಗುತ್ತದೆ. ಕಂದುಬಣ್ಣವೂ ದಾರಿಹೋಕನನ್ನು ತಡೆದ ಆ ಪರಿಮಳವೂ ಬಹುಮಟ್ಟಿಗೆ ಇದರಿಂದ ಹುಟ್ಟಿದುವು. ಹೊರಮೈ ಕಂದಾಗಲು ಒಂದೇ ನಿಮಿಷ ಸಾಕಾದರೆ ಒಳಗಿನ ತೇವ ಉಳಿಯುತ್ತದೆ. ಆರೇಳು ನಿಮಿಷ ಹಿಡಿದರೆ, ಬಣ್ಣ ಬರುವಷ್ಟರಲ್ಲಿ ನೀರೆಲ್ಲ ಹೋಗಿ ಅಟ್ಟೆ ಸಿದ್ಧವಾಗುತ್ತದೆ. ನಮ್ಮ ಮನೆಯಲ್ಲಿ ಆದುದು ಇಷ್ಟೇ.

ಕೆಂಡ ಬೇಕೆ?

ಕಾರಣ ತಿಳಿದ ಮೇಲೆ ಉಪಾಯವೂ ತಿಳಿಯಿತು. ದಪ್ಪ ಕಬ್ಬಿಣದ ಕಾವಲಿಯನ್ನು ಚೆನ್ನಾಗಿ ಕಾಯಿಸಿ, ಲಟ್ಟಿಸಿದ ನಾನಿನ ಒಂದು ಮೈಗೆ ನೀರು ಸವರಿ, ಒದ್ದೆ ಮೈ ಕೆಳಗಾಗುವಂತೆ ಅಂಟಿಸಬೇಕು. ಬೊಬ್ಬೆಗಳು ಎದ್ದೊಡನೆ ಕಾವಲಿಯನ್ನು ಹಿಡಿಯ ಸಮೇತ ಬೋರಲು ತಿರುಗಿಸಿ, ರೊಟ್ಟಿಯ ಮುಖವನ್ನು ನೇರವಾಗಿ ಉರಿಗೆ ಹಿಡಿಯಬೇಕು. ತಪ್ಪಿಹೋಗಿದ್ದ ಮೇಲಿನ ಶಾಖ ಹೀಗೆ ದೊರೆಯುತ್ತದೆ. ಅಂಟದ ಲೇಪನವುಳ್ಳ ಕಾವಲಿ ಇದಕ್ಕೆ ಸಲ್ಲದು. ರೊಟ್ಟಿ ಉರಿಯ ಮೇಲೆಯೇ ಬಿದ್ದೀತು. ಹೀಗೆ ಮಾಡಿದ ನಾನ್ ಅಮೃತಸರದ್ದಕ್ಕೆ ಸಮವಲ್ಲ. ಆದರೆ ಅಟ್ಟೆಯಂತೂ ಅಲ್ಲ.

ದಿಲ್ಲಿಯ ಪ್ರಶ್ನೆಗೂ ಉತ್ತರ ಇದರಲ್ಲಿಯೇ ಇದೆ. ನಾನ್ ಬೇಯುವ ಹೊತ್ತಿಗೆ ತಂದೂರಿನಲ್ಲಿರುವುದು ಹೊಗೆಯಾಡದ ನಿಗಿನಿಗಿ ಕೆಂಡ. ರೊಟ್ಟಿ ಅಲ್ಲಿರುವುದೂ ಒಂದೆರಡು ನಿಮಿಷ. ಗಂಟೆಗಟ್ಟಲೆ ಬೇಯುವ ಪದಾರ್ಥದಂತೆ ಅದು ಹೊಗೆಯ ರುಚಿಯನ್ನು ಹೀರಲಾರದು. ಅದಕ್ಕೆ ಬೇಕಾದುದು ಕಾದ ಮಣ್ಣಿನ ಗೋಡೆ, ಕಿರಿದಾದ ಬಾಯಿ, ನಾಲ್ಕುನೂರು ಡಿಗ್ರಿಯ ಉಷ್ಣತೆ. ಆ ಗೋಡೆಯನ್ನು ಕಾಯಿಸಿದುದು ಇದ್ದಿಲೋ ಅನಿಲವೋ ವಿದ್ಯುತ್ತೋ ಎಂಬುದನ್ನು ಕಣಕವು ವಿಚಾರಿಸುವುದಿಲ್ಲ. ಮಣ್ಣನ್ನು ಬಿಟ್ಟು ಬರಿಯ ಲೋಹದ ಪೆಟ್ಟಿಗೆಯನ್ನು ತಂದರೆ ಮಾತ್ರ ನಷ್ಟವಾದೀತು. ಇದ್ದಿಲು ಹೋದರೆ ಗ್ರಾಹಕನಿಗೆ ಹೆಚ್ಚೇನೂ ತಪ್ಪದು. ಬೆಳಗಿನಿಂದ ರಾತ್ರಿಯವರೆಗೆ ಆ ಬಾಯಿಯ ಮೇಲೆ ಬಗ್ಗಿ, ತೋಳಿನ ರೋಮ ಸುಟ್ಟುಕೊಂಡು, ಇದ್ದಿಲಿನ ಅನಿಲವನ್ನು ಉಸಿರಾಡುವ ರೊಟ್ಟಿಯವನಿಗೆ ಮಾತ್ರ ದೊಡ್ಡ ಉಪಕಾರವಾದೀತು. ಉಷ್ಣಮಾಪಕವಿಲ್ಲದೆ, ಗೋಡೆಯ ಬಣ್ಣವನ್ನೂ ಮುಂಗೈಗೆ ತಾಗುವ ಶಾಖವನ್ನೂ ನೋಡಿಯೇ ಹದವನ್ನು ತಿಳಿಯುವ ಆ ಕುಶಲಿಯ ಶ್ವಾಸಕೋಶಕ್ಕೂ ಬೆಲೆಯಿದೆಯಲ್ಲವೆ?