ಹಳೆ ವಿದ್ಯಾರ್ಥಿ ಸಂಘ: ಓಟು ಯಾರದು, ಪೆಟ್ಟಿಗೆ ಎಲ್ಲಿ?

ಚಿಂತಾಕಿ: ಬೆಳಗಿನ ಬಸ್ಸು ಬರುವ ಹೊತ್ತಿಗೆ ಇಲ್ಲಿನ ಚಹಾದಂಗಡಿ ಮುಂದೆ ನಿಂತು ನೋಡಿರಿ. ಹೆಗಲಿಗೆ ಚೀಲ ಹಾಕಿದ ಹುಡುಗ ಹುಡುಗಿಯರು ಔರಾದಿಗೆ, ಬೀದರಿಗೆ ಕಾಲೇಜಿಗೆಂದು ಹೊರಟಿರುತ್ತಾರೆ. ಮೂರು ವರ್ಷ ಕಳೆದರೆ ಇವರೆಲ್ಲ ಹಳೆ ವಿದ್ಯಾರ್ಥಿಗಳು. ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಂಘಕ್ಕೆ ಇವರೇ ಸದಸ್ಯರು, ಇವರೇ ಮತದಾರರು. ಆದರೆ ಈಗಾಗಲೇ ಹಳಬರಾದವರನ್ನು ಹಿಡಿದು, ನಿಮ್ಮ ಸಂಘದ ಅಧ್ಯಕ್ಷರು ಯಾರು, ಯಾವಾಗ ಆರಿಸಿ ಬಂದರು ಎಂದು ಕೇಳಿದರೆ ಬರುವ ಉತ್ತರ ಒಂದೇ: "ಯಾನೋ ರಿ, ನಮಗ್ಯಾರೂ ಕರ್ದಿಲ್ರಿ."

ಕರೆಯುವುದಾದರೂ ಹೇಗೆ? ಸಂಘ ಹುಟ್ಟಿದ್ದೇ ಬೇರೆ ಕಾರಣಕ್ಕೆ. ಕಾಲೇಜುಗಳಿಗೆ ಗ್ರೇಡು ಕೊಡುವ ನ್ಯಾಕ್ ಎಂಬ ಸಂಸ್ಥೆ 1994ರಲ್ಲಿ ಆರಂಭವಾಯಿತು. ಅದರ ಕಚೇರಿ ಬೆಂಗಳೂರಿನಲ್ಲಿದೆ. ಅದು ಗ್ರೇಡು ಕೊಡಲು ಇಟ್ಟುಕೊಂಡ ಏಳು ಮಾನದಂಡಗಳಲ್ಲಿ ಐದನೆಯದರ ಕೆಳಗೆ ಹಳೆ ವಿದ್ಯಾರ್ಥಿಗಳ ಸಂಬಂಧಕ್ಕೂ ಅಂಕ ಇತ್ತು. ಸಂಘ ನೋಂದಣಿಯಾಗಿದೆಯೇ, ಅದರಿಂದ ಕಾಲೇಜಿಗೆ ಏನು ನೆರವಾಯಿತು ಎಂದು ಕೇಳುತ್ತಿತ್ತು. ತನಿಖಾ ತಂಡ ಬರುತ್ತದೆ ಎಂದಾಗ ಏಳು ಜನರ ಸಹಿ ಹಾಕಿಸಿ ಸಂಘ ಮಾಡಿದ ಕಾಲೇಜುಗಳಿಗೆ ರಾಜ್ಯದಲ್ಲಿ ಕೊರತೆ ಇಲ್ಲ. ತಂಡ ಬಂತು, ಊಟ ಮಾಡಿತು, ಹೋಯಿತು. ಸಂಘದ ಫೈಲು ಕಪಾಟಿಗೆ ಸೇರಿತು.

ಇಷ್ಟೇ ಆಗಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಸಂಘಕ್ಕೆ ಹಣ ಬರುತ್ತದೆ. ಟಿ.ಸಿ. ಕೊಡುವಾಗ ಹುಡುಗರಿಂದ ಚಂದಾ ಎತ್ತುವ ಕಾಲೇಜುಗಳಿವೆ. ಹೈದರಾಬಾದು, ಪುಣೆ ಸೇರಿ ನಾಲ್ಕು ಕಾಸು ಕಂಡವರು ಬಡ ಹುಡುಗರ ಫೀಸಿಗೆಂದು ಕಳಿಸುತ್ತಾರೆ. ಆ ಹಣ ಯಾವ ಹುಡುಗನಿಗೆ ಮುಟ್ಟಬೇಕೆಂದು ನಿರ್ಧರಿಸುವವರು ಪದಾಧಿಕಾರಿಗಳು. ಚುನಾವಣೆ ಬೇಕು ಎನ್ನುವುದು ಇದಕ್ಕೇ.

ಈಗ ಕಾನೂನು ಏನು ಹೇಳುತ್ತದೆ ನೋಡೋಣ. ಇಂಥ ಸಂಘಗಳು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ಬರುತ್ತವೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಲೇಬೇಕು. ಸಭೆಯ ನಂತರ ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ನೋಂದಣಾಧಿಕಾರಿಗೆ ಒಪ್ಪಿಸಬೇಕು. ತಕರಾರು ಇದ್ದರೆ 25ನೇ ಕಲಮಿನಂತೆ ವಿಚಾರಣೆ ಕೇಳಬಹುದು. ಅದಕ್ಕೆ ಸದಸ್ಯರ ಪೈಕಿ ಮೂರರಲ್ಲೊಂದು ಪಾಲು ಜನ ಅರ್ಜಿ ಕೊಡಬೇಕು. ಇಲ್ಲೇ ಬಂತು ಪೇಚು. ಮೂರರಲ್ಲೊಂದು ಪಾಲು ಎಂದರೆ ಎಷ್ಟು ಜನ? ಸದಸ್ಯರ ಪಟ್ಟಿಯೇ ಇಲ್ಲದಿದ್ದರೆ ಎಣಿಸುವುದು ಯಾವುದನ್ನು?

ಪಟ್ಟಿ ಮಾಡುವುದು ನಮ್ಮ ಕಡೆ ಸುಲಭದ ಕೆಲಸವೂ ಅಲ್ಲ. ಈ ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆಗಿನ ಪದವೀಧರರದು ಉಸ್ಮಾನಿಯಾ ಪದವಿ, ಆಮೇಲಿನವರದು ಧಾರವಾಡದ್ದು, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಆದ ಮೇಲೆ ಓದಿದವರದು ಅಲ್ಲಿಯದು, 2023ರಿಂದ ಬೀದರಿನದೇ ವಿಶ್ವವಿದ್ಯಾಲಯ. ಒಂದೇ ಮನೆಯ ಅಜ್ಜ, ಅಪ್ಪ, ಮಗನ ಸರ್ಟಿಫಿಕೇಟಿನ ಮೇಲೆ ಬೇರೆ ಬೇರೆ ಮುದ್ರೆ. ಸಂಘಕ್ಕೆ ಕಾಲೇಜಿನ ದಾಖಲಾತಿ ರಜಿಸ್ಟರೇ ಗತಿ. ಅದನ್ನು ತೆಗೆದು ಹೆಸರು ಬರೆಯುವ ತಾಳ್ಮೆ ಯಾರಿಗಿದೆ?

ಆದ್ದರಿಂದ 'ಅವಿರೋಧ ಆಯ್ಕೆ' ನಡೆಯುತ್ತದೆ. ಹದಿನೈದು ಜನ ಕೂಡುತ್ತಾರೆ, ಒಬ್ಬರು ಹೆಸರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಹೊಸಬನೊಬ್ಬ ಎದ್ದು ನಾನೂ ನಿಲ್ಲುತ್ತೇನೆ ಎಂದರೆ, "ಕುಂದ್ರೋ ತಮ್ಮಾ, ಮುಂದಿನ ಸರ್ತಿ ನೋಡಮು" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ.

ಓಟು ಹಾಕಿಸಿದರೆ ಊರೂರಿಗೆ ಜಗಳ ಹತ್ತುತ್ತದೆ ಎಂಬ ಭಯ ಸುಳ್ಳಲ್ಲ. ಭಾಲ್ಕಿಯವನೊಬ್ಬ, ಬೀದರಿನವನೊಬ್ಬ, ಔರಾದಿನವನೊಬ್ಬ ನಿಂತರು ಎಂದುಕೊಳ್ಳಿ. ಬಿದ್ದ ಓಟು 300. ಒಬ್ಬನಿಗೆ 120, ಇನ್ನೊಬ್ಬನಿಗೆ 100, ಮೂರನೆಯವನಿಗೆ 80. ನೂರಾ ಇಪ್ಪತ್ತರವನು ಗೆದ್ದ, ಅವನು ಬೇಡವೆಂದವರು ನೂರಾ ಎಂಬತ್ತು ಜನ! ಇದಕ್ಕೆ ಮದ್ದು ದೂರವಿಲ್ಲ. ನಮ್ಮ ಈಶಾನ್ಯ ಪದವೀಧರ ಕ್ಷೇತ್ರದ ವಿಧಾನ ಪರಿಷತ್ ಚುನಾವಣೆಯಲ್ಲೇ ಇದೆ. ಅಲ್ಲಿ 1, 2, 3 ಎಂದು ಪ್ರಾಶಸ್ತ್ಯದ ಅಂಕಿ ಬರೆಯಬೇಕು. ಅರ್ಧಕ್ಕಿಂತ ಒಂದಾದರೂ ಹೆಚ್ಚು, ಅಂದರೆ ಇಲ್ಲಿ 151 ಮುಟ್ಟದಿದ್ದರೆ ಕೊನೆಯವನನ್ನು ತೆಗೆದು, ಅವನ 80 ಚೀಟಿಗಳಲ್ಲಿ ಎರಡನೆಯ ಅಂಕಿ ಯಾರಿಗಿದೆ ಎಂದು ನೋಡುತ್ತಾರೆ. ಅದರಲ್ಲಿ 60 ಎರಡನೆಯವನಿಗೆ, 20 ಮೊದಲಿನವನಿಗೆ ಹೋದರೆ ಲೆಕ್ಕ 160 ಮತ್ತು 140. ಹೆಚ್ಚು ಜನ ಒಪ್ಪಿದವನು ಗೆದ್ದ. ಎಲ್ಲರ ಎರಡನೆಯ ಓಟೂ ಬೇಕಾಗುವುದರಿಂದ ಬೈದಾಡಿಕೊಳ್ಳುವುದೂ ಕಡಿಮೆ.

ಆ ಚುನಾವಣೆಗೆ ಇನ್ನೊಂದು ಒಳ್ಳೆಯ ರಿವಾಜಿದೆ. ಪ್ರತಿ ಸಲವೂ ಮತದಾರರ ಪಟ್ಟಿಯನ್ನು ಹೊಸದಾಗಿ ಮಾಡುತ್ತಾರೆ. ಹಿಂದೆ ಹೆಸರಿದ್ದವರೂ ನಮೂನೆ 18 ತುಂಬಬೇಕು. ಸತ್ತವರ ಹೆಸರಿನ ಓಟಿಗೆ ಜಾಗವಿಲ್ಲ. ಕಳೆದ ಸಲ, 2024ರ ಜೂನ್ 3ರಂದು, ಬೀದರಿನಿಂದ ಬಳ್ಳಾರಿವರೆಗಿನ ಪದವೀಧರರು ಹೀಗೆಯೇ ಹೆಸರು ಬರೆಸಿ ಓಟು ಹಾಕಿದರು. ಅಂಕಿ ಬರೆಯಿರೆಂದರೂ ರೈಟ್ ಗುರುತು ಹಾಕಿ, ಕೊಟ್ಟ ನೇರಳೆ ಪೆನ್ನು ಬಿಟ್ಟು ಜೇಬಿನದು ತೆಗೆದು ಓಟು ಕೆಡಿಸಿಕೊಳ್ಳುವ ಪದವೀಧರರು ಇದ್ದೇ ಇರುತ್ತಾರೆ. ಡಿಗ್ರಿ ಬೇರೆ, ಓದಿ ತಿಳಿಯುವುದು ಬೇರೆ!

ದೊಡ್ಡವರ ಕಥೆಯೂ ಕೇಳಿರಿ. ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕುಲಪತಿಯನ್ನು ಆರಿಸುವವರಲ್ಲಿ ಹೆಚ್ಚಿನವರು ಅಲ್ಲಿನ ಹಳೆ ವಿದ್ಯಾರ್ಥಿಗಳು. 2003ರಲ್ಲೂ ಊರಿಗೇ ಬಂದು, ನಿಲುವಂಗಿ ತೊಟ್ಟು ಓಟು ಹಾಕಬೇಕಿತ್ತು. 2024ರಲ್ಲಿ ಮೊದಲ ಸಲ ಕೂತಲ್ಲಿಂದಲೇ ಕಂಪ್ಯೂಟರಿನಲ್ಲಿ ಓಟು ಹಾಕಲು ಬಿಟ್ಟರು. ಕಣದಲ್ಲಿ 38 ಜನ. ಪಾಕಿಸ್ತಾನದ ಜೈಲಿನಲ್ಲಿದ್ದ ಇಮ್ರಾನ್ ಖಾನ್ ಕೂಡ ಅರ್ಜಿ ಹಾಕಿದ್ದರು, ಹೆಸರು ಪಟ್ಟಿಯಲ್ಲಿ ಬರಲಿಲ್ಲ. ಎರಡು ಸುತ್ತಿನ ನಂತರ ವಿಲಿಯಂ ಹೇಗ್ ಗೆದ್ದರು. ಮೊದಲು ಸಾಯುವ ತನಕ ಇದ್ದ ಪದವಿಗೆ ಈಗ ಹತ್ತು ವರ್ಷದ ಮಿತಿ.

ನಮ್ಮಲ್ಲಿ ಸಭೆಗೆ ಬಂದವರಿಗಷ್ಟೇ ಓಟು. ಪುಣೆಯಲ್ಲಿ ದುಡಿಯುವವನು ಒಂದು ದಿನದ ಪಗಾರ ಬಿಟ್ಟು ಬರುವುದಿಲ್ಲ. ಗಂಡನ ಮನೆ ಸೇರಿದ ಹೆಣ್ಣುಮಕ್ಕಳ ಮಾತಂತೂ ಕೇಳುವುದೇ ಬೇಡ. ಓದುವಾಗ ಸ್ಕೂಟಿ, ಬಸ್ಸು ಎಂದು ಅರ್ಧ ಕ್ಲಾಸು ತುಂಬಿದವರು ಸಂಘದ ಸಭೆಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಹೆಸರು, ಹೊಸ ವಿಳಾಸ ಬರೆಸಿಕೊಂಡು ಅಂಚೆಯಲ್ಲಿ ಚೀಟಿ ಕಳಿಸಲು ಬೈಲಾದಲ್ಲಿ ಒಂದು ಕಲಂ ಸೇರಿಸಿದರೆ ಸಾಕು. ಖರ್ಚು ಎರಡು ಅಂಚೆ ಲಕೋಟೆ.

ಈ ವರದಿಗಾರನದೂ ಒಂದು ತಕರಾರಿದೆ, ಹೇಳಿಬಿಡುತ್ತೇನೆ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು ನಾನು. ಕಾಲೇಜಿನ ಹೆಸರು ಬೇಡ. ಸಂಘದ ಚಂದಾ ಕೊಡಲು ಹೋದಾಗ ಅಲ್ಲಿದ್ದವರು, "ಪಾಸಾದವ್ರಿಗಷ್ಟೇ ರಿ" ಎಂದರು. ಎರಡು ವರ್ಷ ಅದೇ ಬೆಂಚಿನ ಮೇಲೆ ಕೂತಿದ್ದಕ್ಕೆ ಲೆಕ್ಕವಿಲ್ಲ! ಈ ಕಡೆಯ ಹಳ್ಳಿಗಳಲ್ಲಿ ಬಸ್ಸು ತಪ್ಪಿದ್ದಕ್ಕೆ, ಮದುವೆಯಾದದ್ದಕ್ಕೆ, ಮನೆಯಲ್ಲಿ ಎತ್ತು ಸತ್ತದ್ದಕ್ಕೆ ಕಾಲೇಜು ಬಿಟ್ಟವರು ಎಷ್ಟು ಜನ? ಫೀಸಿನ ಕಷ್ಟ ಏನೆಂದು ಅವರಿಗಿಂತ ಚೆನ್ನಾಗಿ ಯಾವ ಅಧ್ಯಕ್ಷರಿಗೆ ಗೊತ್ತು? ರಜಿಸ್ಟರಿನಲ್ಲಿ ಒಂದು ವರ್ಷ ಹೆಸರಿದ್ದವರೆಲ್ಲ ಸದಸ್ಯರಾಗಲಿ ಎಂಬುದು ನನ್ನ ಅಭಿಪ್ರಾಯ; ಪಾಸಾದವರು ಒಪ್ಪಬೇಕಲ್ಲ.

ಅಂದಹಾಗೆ, ನಿಮ್ಮ ಕಾಲೇಜಿನ ಸಂಘ ನೋಂದಣಿಯಾಗಿದ್ದರೆ ಅದರ ಬೈಲಾ, ಪದಾಧಿಕಾರಿಗಳ ಪಟ್ಟಿ ಬೀದರಿನ ಸಹಕಾರ ಇಲಾಖೆಯ ಕಚೇರಿಯಲ್ಲಿ, ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳ ಹತ್ತಿರ ಇರಬೇಕು. ಶುಲ್ಕ ಕಟ್ಟಿದರೆ ನಕಲು ಕೊಡುತ್ತಾರೆ. ಬೆಳಗಿನ ಬಸ್ಸಿಗೆ ಹೋಗುವವರು ಸಂಘದ ಹೆಸರೂ ನೋಂದಣಿ ಸಂಖ್ಯೆಯೂ ಬರೆದುಕೊಂಡು ಹೋಗಿರಿ; ಇಲ್ಲದಿದ್ದರೆ ಫೈಲು ಸಿಗುವುದಿಲ್ಲ.