ಹೋಗಿ ಬರ್ತೀನ್ರಿ: ಜಕ್ಕಲಿ ಸೀಮೆಯ ಉಪಚಾರದ ನುಡಿಗಳು ಮತ್ತು ಜಪಾನಿ ವಾಡಿಕೆ ಮಾತುಗಳು

ಜಾನಪದ ಸಂಗ್ರಹಕಾರನು ಊರಿಗೆ ಹೋದಾಗ ಮೊದಲು ಕಿವಿಗೆ ಬೀಳುವುದು ಹಾಡಲ್ಲ, ಕಥೆಯಲ್ಲ. ‘ಬರ್ರಿ, ಕುಂದರ್ರಿ, ನೀರ ತಗೋರಿ’ ಎಂಬ ಉಪಚಾರದ ಮಾತು. ಧ್ವನಿಮುದ್ರಣ ಯಂತ್ರವನ್ನು ನಾವು ಹೊರತೆಗೆಯುವುದು ಆ ಮಾತು ಮುಗಿದ ಮೇಲೆ. ಹೀಗಾಗಿ ತ್ರಿಪದಿ, ಗೀಗೀಪದ, ಗಾದೆ, ಒಡಪುಗಳ ಸಂಪುಟಗಳು ಸಾಲುಗಟ್ಟಿ ಬಂದಿದ್ದರೂ ದಿನದ ಉಪಚಾರದ ನುಡಿಗಳಿಗೆ ಅವುಗಳಲ್ಲಿ ದೊರೆತ ಸ್ಥಳ ಅತ್ಯಲ್ಪ. ಜಪಾನಿನ ಜಾನಪದ ಅಧ್ಯಯನಕ್ಕೆ ತಳಹದಿ ಹಾಕಿದ ಯನಗಿತ ಕುನಿಯೊ (1875–1962) ಈ ವಿಷಯದಲ್ಲಿ ನಮಗಿಂತ ಮುಂದಿದ್ದರು. 1910ರಲ್ಲಿ ‘ತೋನೊ ಮೊನೊಗತಾರಿ’ ಎಂಬ ಐತಿಹ್ಯ ಸಂಗ್ರಹವನ್ನು ಪ್ರಕಟಿಸಿದ ಅವರು, 1946ರಲ್ಲಿ ‘ಮೈನಿಚಿ ನೊ ಕೊತೊಬ’, ಅಂದರೆ ‘ದಿನನಿತ್ಯದ ಮಾತುಗಳು’, ಎಂಬ ಪುಸ್ತಕವನ್ನೇ ಹೊರತಂದರು. ಜನ ಯೋಚಿಸದೆ ಆಡುವ ಮಾತಿನಲ್ಲಿಯೂ ಹಳೆಯ ಬದುಕು ಉಳಿದಿರುತ್ತದೆ ಎಂಬುದು ಆ ಬಗೆಯ ಅಧ್ಯಯನದ ಆಧಾರ.

ಗದಗ ಜಿಲ್ಲೆಯ ಜಕ್ಕಲಿಯು ಏಕೀಕರಣದ ಹೋರಾಟಗಾರ ಅಂದಾನಪ್ಪ ದೊಡ್ಡಮೇಟಿಯವರ ಊರೆಂದು ನಾಡಿಗೆ ಪರಿಚಿತ. ಈ ಎರೆ ಸೀಮೆಯ ಆಡುಮಾತನ್ನು ‘ಗಂಡು ಭಾಷೆ’ ಎಂದು ಹೊಗಳುವವರೂ ‘ಒರಟು’ ಎಂದು ಹಳಿಯುವವರೂ ಉಂಟು. ಎರಡು ಅಭಿಪ್ರಾಯಗಳೂ ಇಲ್ಲಿಯ ವಿನಯದ ವ್ಯವಸ್ಥೆಯನ್ನು ಕಾಣದೆ ಹುಟ್ಟಿದವು. ಅದನ್ನು ಕಾಣಲು ಜಪಾನಿ ಭಾಷೆ ಅನಿರೀಕ್ಷಿತವಾಗಿ ನೆರವಾಗುತ್ತದೆ.

ಮನೆಯಿಂದ ಹೊರಡುವ ಜಪಾನಿ ‘ಇತ್ತೆಕಿಮಾಸು’ ಎನ್ನುತ್ತಾನೆ. ಇದರ ಅಕ್ಷರಶಃ ಅರ್ಥ ‘ಹೋಗಿ ಬರುತ್ತೇನೆ’. ಮನೆಯಲ್ಲಿ ಉಳಿದವರ ಉತ್ತರ ‘ಇತ್ತೆರಸ್ಶಾಯ್’, ‘ಹೋಗಿ ಬನ್ನಿ’. ಜಕ್ಕಲಿಯಲ್ಲಿಯೂ ‘ಹೋಗ್ತೀನಿ’ ಎಂದಷ್ಟೇ ಹೇಳಿ ಹೊಸ್ತಿಲು ದಾಟುವುದು ಸಲ್ಲದು. ‘ಹೋಗಿ ಬರ್ತೀನ್ರಿ’ ಎನ್ನಬೇಕು, ‘ಹೋಗಿ ಬರ್ರಿ’ ಎಂಬ ಉತ್ತರ ಕೇಳಬೇಕು. ಮರಳಿ ಬಂದವನ ಜಪಾನಿ ಮಾತು ‘ತದಾಇಮಾ’, ಅಂದರೆ ‘ಈಗ ತಾನೇ’. ನಮ್ಮಲ್ಲಿ ಆ ‘ಈಗ’ ಬರುವುದು ಮನೆಯವರ ಬಾಯಲ್ಲಿ: ‘ಈಗ ಬಂದ್ರ್ಯಾ?’ ದಾರಿಯಲ್ಲಿ ಎದುರಾದವರು ಅಲ್ಲಿ ‘ದೋಚಿರ ಎ’ (ಯಾವ ಕಡೆಗೆ) ಎಂದು ಕೇಳಿದರೆ ‘ಚೊತ್ತೊ ಸೊಕೊ ಮದೆ’ (ಇಲ್ಲೇ ಸ್ವಲ್ಪ ದೂರ) ಎಂಬ ಉತ್ತರ ಸಾಕು. ‘ಯಾಕಡೆ ಹೊಂಟ್ರಿ?’ ಎಂಬುದಕ್ಕೆ ‘ಇಲ್ಲೇ ಹೊಂಟೇನ್ರಿ’ ಎಂಬ ಉತ್ತರವೂ ಅಂಥದ್ದೇ. ಕೇಳಿದವರಿಗೆ ಊರಿನ ಹೆಸರು ಬೇಕಾಗಿರುವುದಿಲ್ಲ. ಕಂಡೂ ಕಾಣದಂತೆ ಹೋಗಬಾರದು, ಅಷ್ಟೆ. ‘ಎಲ್ಲಿಗೆ’ ಎಂದು ನೇರವಾಗಿ ಕೇಳುವುದು ಅಪಶಕುನವೆಂದು ‘ದೂರ ಹೊಂಟ್ರ್ಯಾ?’ ಎನ್ನುವ ಹಿರಿಯರೂ ಇದ್ದಾರೆ. ಲೋಕಪ್ರಸಿದ್ಧವಾದ ‘ಸಯೋನಾರ’ ಎಂಬುದರ ಮೂಲ ‘ಸಯೋ ನರಬ’, ‘ಹಾಗಿದ್ದರೆ’ ಎಂಬ ಅಪೂರ್ಣ ವಾಕ್ಯ. ಕಟ್ಟೆಯಿಂದ ಏಳುವಾಗ ‘ಹಂಗಾದ್ರ...’ ಎಂದು ಅರ್ಧಕ್ಕೆ ನಿಲ್ಲಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೃತಜ್ಞತೆಯ ಮಾತುಗಳು ಇನ್ನೂ ಸೂಕ್ಷ್ಮವಾದವು. ಕೈಪಿಡಿಗಳು ‘ಅರಿಗತೋ’ ಎಂದರೆ ‘ಧನ್ಯವಾದ’ ಎಂದು ಹೇಳಿ ಮುಗಿಸುತ್ತವೆ. ಅದರ ಮೂಲಾರ್ಥ ‘ಇರುವುದು ಕಷ್ಟ’, ಅಂದರೆ ‘ಅಪರೂಪ’. ಉಪಕಾರ ಪಡೆದಾಗ ಅವರು ‘ಸುಮಿಮಾಸೆನ್’ ಎಂದೂ ಹೇಳುತ್ತಾರೆ. ಕ್ಷಮೆ ಕೇಳುವಾಗಲೂ ಅದೇ ಮಾತು. ‘ತೀರುವುದಿಲ್ಲ’ ಎಂಬುದು ಅದರ ಧಾತ್ವರ್ಥ. ಕ್ಷಮೆಗೂ ಕೃತಜ್ಞತೆಗೂ ಒಂದೇ ಮಾತೇಕೆ ಎಂದು ಹೊರಗಿನವರು ಬೆರಗಾಗುವುದುಂಟು. ‘ನಿಮ್ಮ ಋಣಾ ತೀರಂಗಿಲ್ರಿ’ ಎಂಬ ಮಾತನ್ನು ಬಲ್ಲವರಿಗೆ ಬೆರಗಿಲ್ಲ: ತೀರದ ಋಣ ಒಮ್ಮೆ ಕೃತಜ್ಞತೆಯಾಗುತ್ತದೆ, ಒಮ್ಮೆ ಸಂಕೋಚವಾಗುತ್ತದೆ. ‘ಧನ್ಯವಾದ’ ಈ ಸೀಮೆಗೆ ಸಭೆಯಿಂದಲೂ ಶಾಲೆಯಿಂದಲೂ ಬಂದ ಪದ. ನೀರು ಕೊಟ್ಟ ಸೊಸೆಗೆ ಅತ್ತೆ ಅದನ್ನು ಹೇಳಿದರೆ ಸೊಸೆ ಗಾಬರಿಯಾದಾಳು. ‘ನಿನ್ನ ಹೊಟ್ಟಿ ತಣ್ಣಗಿರ್ಲಿ’ ಎಂದರೆ ಸಲ್ಲುತ್ತದೆ. ಊಟಕ್ಕೆ ಮುನ್ನ ಹೇಳುವ ‘ಇತದಾಕಿಮಾಸು’ ಎಂಬುದರಲ್ಲಿ ತಲೆಯ ಮೇಲಿಟ್ಟು ಸ್ವೀಕರಿಸುವ ಅರ್ಥವಿದೆ. ಪ್ರಸಾದವನ್ನು ಕಣ್ಣಿಗೊತ್ತಿಕೊಳ್ಳುವ ನಮ್ಮ ಜನ ಅದನ್ನು ಮಾತಿನಲ್ಲಿ ಅಲ್ಲ, ಕೈಯಲ್ಲಿ ಹೇಳುತ್ತಾರೆ.

ಇವೆಲ್ಲ ಬಿಡಿ ಹೋಲಿಕೆಗಳು. ಎರಡು ಭಾಷೆಗಳು ನಿಜವಾಗಿ ಹತ್ತಿರ ಬರುವುದು ಕ್ರಿಯಾಪದದ ತುದಿಯಲ್ಲಿ. ಜಕ್ಕಲಿಯ ರೈತ ‘ಮಳಿ ಬಂತ್ರಿ’ ಎನ್ನುತ್ತಾನೆ. ಇಲ್ಲಿಯ ‘ರಿ’ ಯಾರಿಗೆ ಸಲ್ಲುವ ಗೌರವ? ಮಳೆಗಲ್ಲ; ಕೇಳುತ್ತಿರುವವರಿಗೆ. ಜಪಾನಿಯಲ್ಲಿ ಗೆಳೆಯನಿಗೆ ‘ಅಮೆ ಗ ಫುತ್ತ’ ಎನ್ನುವವನು ಹಿರಿಯರಿಗೆ ‘ಅಮೆ ಗ ಫುರಿಮಾಶಿತ’ ಎನ್ನುತ್ತಾನೆ. ‘ಅರ್ಪಿಸು’ ಎಂಬರ್ಥದ ‘ಮೈರಸು’ ಎಂಬ ಹಳೆಯ ವಿನಯಪದ ಸವೆದು ಆದ ‘ಮಾಸು’ ಪ್ರತ್ಯಯ ಇಲ್ಲಿ ಸೇರಿಕೊಂಡಿದೆ. ಮಾತಿನ ವಿಷಯವಾದ ವ್ಯಕ್ತಿಗೆ ತೋರುವ ಗೌರವ ಬೇರೆ, ಕೇಳುಗರಿಗೆ ತೋರುವ ಗೌರವ ಬೇರೆ ಎಂಬ ಭೇದವನ್ನು ಎರಡೂ ಭಾಷೆಗಳು ಪಾಲಿಸುತ್ತವೆ. ‘ಅಂವಾ ಬಂದಾನ್ರಿ’ ಎಂಬಲ್ಲಿ ಬಂದವನಿಗೆ ಏಕವಚನ, ಕೇಳುವವರಿಗೆ ಗೌರವ. ಗೆಳೆಯನಿಗೆ ಹೇಳುವ ‘ಅವ್ರು ಬಂದಾರ’ ಎಂಬಲ್ಲಿ ಇದು ತಿರುವುಮುರುವು. ‘ಅವ್ರು ಬಂದಾರ್ರಿ’ ಎಂದರೆ ಇಬ್ಬರಿಗೂ ಸಂದಿತು. ಮೈಸೂರು ಸೀಮೆಯ ‘ಕಣ್ರೀ’ ಎಂಬುದರಲ್ಲಿಯೂ ಈ ‘ರೀ’ ಇದೆ. ಉತ್ತರದಲ್ಲಿ ಅದು ಯಾವ ಆಸರೆಯೂ ಇಲ್ಲದೆ ‘ಹೌದ್ರಿ’, ‘ಇಲ್ರಿ’, ‘ಆತ್ರಿ’ ಎಂದು ಮಾತುಮಾತಿಗೂ ಅಂಟುತ್ತದೆ. ಇಂಥ ಮಾತನ್ನು ಒರಟೆನ್ನುವುದು ಕಿವಿಯ ದೋಷ.

ಹಾಗೆಂದು ಇದನ್ನು ಕೇವಲ ಸೌಜನ್ಯವೆಂದು ಕೊಂಡಾಡಿದರೆ ತಪ್ಪಾದೀತು. ‘ರಿ’ ಎಲ್ಲರಿಗೂ ಸಮನಾಗಿ ದೊರೆತ ಪ್ರತ್ಯಯವಲ್ಲ. ಕೂಲಿಗೆ ಬಂದ ಮುದುಕ ಹೊಲದೊಡೆಯನ ಹುಡುಗನಿಗೆ ‘ಹೂಂನ್ರೀ ಯಪ್ಪಾ’ ಎನ್ನಬೇಕಾಗಿತ್ತು. ಆ ಹುಡುಗ ಮುದುಕನನ್ನು ‘ಬಾರಲೇ’ ಎಂದು ಕೂಗುತ್ತಿದ್ದ. ಜಾತಿಯ ಮೆಟ್ಟಿಲುಗಳು ಈ ಒಂದು ಅಕ್ಷರದಲ್ಲಿ ಎಣಿಸಬಹುದಾದಷ್ಟು ಸ್ಪಷ್ಟವಾಗಿದ್ದವು; ಇಂದಿಗೂ ಪೂರ್ತಿ ಅಳಿಸಿಹೋಗಿಲ್ಲ. ಜಪಾನಿನಲ್ಲಿಯೂ ಗೌರವಭಾಷೆ ಮೇಲು-ಕೀಳಿನ ನೆರಳಿನಲ್ಲೇ ಬೆಳೆದುದು. 1952ರಲ್ಲಿ ಅಲ್ಲಿಯ ರಾಷ್ಟ್ರಭಾಷಾ ಮಂಡಳಿಯು ‘ಇನ್ನು ಮುಂದಿನ ಗೌರವಭಾಷೆ’ ಎಂಬ ಶಿಫಾರಸನ್ನು ಹೊರಡಿಸಿ, ಅಂತಸ್ತಿನ ಬದಲು ಪರಸ್ಪರ ಗೌರವವೇ ಅದರ ಆಧಾರವಾಗಬೇಕೆಂದು ಸೂಚಿಸಿತು. ನಮ್ಮಲ್ಲಿ ಅಂಥ ಬದಲಾವಣೆ ಮಂಡಳಿಯ ಕಾಗದವಿಲ್ಲದೆ, ಮನೆಮನೆಯಲ್ಲಿ ಬೇರೆ ಬೇರೆ ವೇಗದಲ್ಲಿ ನಡೆಯುತ್ತಿದೆ. ಕೂಲಿಯಾಳಿಗೂ ‘ಬರ್ರಿ’ ಎನ್ನುವ ತರುಣರಿದ್ದಾರೆ. ಎಂದೂ ಹಾಗೆನ್ನದ ಹಿರಿಯರೂ ಇದ್ದಾರೆ.

‘ರಿ’ ಇಲ್ಲದ ಮಾತೆಲ್ಲ ಅಗೌರವವೂ ಅಲ್ಲ. ಈ ಸೀಮೆಯಲ್ಲಿ ಅವ್ವನಿಗೆ ಮಕ್ಕಳು ‘ರಿ’ ಹಚ್ಚುವುದಿಲ್ಲ. ಹಚ್ಚಿದರೆ ಮನೆಯಲ್ಲಿ ಜಗಳವಾಗಿದೆ ಎಂದು ನೆರೆಯವರು ತಿಳಿಯುತ್ತಾರೆ. ಆದುದರಿಂದ ಉಪಚಾರದ ನುಡಿಗಳನ್ನು ಸಂಗ್ರಹಿಸುವವರು ಮಾತನ್ನಷ್ಟೇ ಬರೆದುಕೊಂಡರೆ ಸಾಲದು. ಆಡಿದವರು ಯಾರು, ಯಾರಿಗೆ, ಹೊಸ್ತಿಲ ಒಳಗೋ ಹೊರಗೋ, ಮರುಮಾತು ಏನು ಬಂತು ಎಂಬುದನ್ನೂ ಪಕ್ಕದಲ್ಲಿ ದಾಖಲಿಸಬೇಕು. ಮಗ ಅವ್ವನಿಗೆ ಹೇಳಿದ ‘ಬಾ’ ಮತ್ತು ಒಡೆಯ ಆಳಿಗೆ ಹೇಳಿದ ‘ಬಾ’ ಟಿಪ್ಪಣಿ ಪುಸ್ತಕದಲ್ಲಿ ಒಂದೇ ತೆರನಾಗಿ ಕಾಣುತ್ತವೆ.