ಮನೆಬಾಗಿಲಲ್ಲಿ ಅಮ್ಮನಿಲ್ಲ

ತಾಯಿ ಸೆಂಟಿಮೆಂಟ್ ನಮ್ಮ ಸಿನಿಮಾದವರ ಸ್ವತ್ತೇನಲ್ಲ. 1890ರ ದಶಕದ ಅಮೆರಿಕದಲ್ಲಿ ಅದಕ್ಕೆ ಹೆಸರಾದವರು ಗೀತೆಕಾರ ಪಾಲ್ ಡ್ರೆಸ್ಸರ್. ಆನೆಯಂಥ ಮೈ, ಬೆಣ್ಣೆಯಂಥ ಮನಸ್ಸು. ತಮ್ಮದೇ ಹಾಡಿಗೆ ತಾವೇ ಕಣ್ಣೀರಿಡುತ್ತಿದ್ದರು ಎಂದು ಬರೆದವರು ಅವರ ತಮ್ಮ, ಕಾದಂಬರಿಕಾರ ಥಿಯೋಡರ್ ಡ್ರೈಸರ್. (ತಮ್ಮನ ಕಾದಂಬರಿಗಳಲ್ಲಿ ಇಂಥ ಮೆದುತನ ಹುಡುಕಬೇಡಿ!) ತಾಯಿ ಸಾರಾ 1890ರಲ್ಲಿ ತೀರಿಕೊಂಡರು. ಏಳು ವರ್ಷದ ಬಳಿಕ ಪಾಲ್ ತಮ್ಮೂರಿನ ವಾಬಾಷ್ ನದಿಯ ಮೇಲೆ ಹಾಡು ಕಟ್ಟಿದಾಗ, ಬಾಲ್ಯದ ಮನೆಬಾಗಿಲಲ್ಲಿ ಅಮ್ಮ ಕಾಣದ ಕೊರಗು ಅದರೊಳಗೆ ಬಂದು ಕೂತಿತು. ಹಾಡು ಮನೆಮಾತಾಯಿತು. ಬಂದ ದುಡ್ಡನ್ನು ಕೈಬಿಚ್ಚಿ ಹಂಚಿದ ಪಾಲ್ 1906ರಲ್ಲಿ ಬರಿಗೈಯಲ್ಲಿ ಸತ್ತರು. 1913ರಲ್ಲಿ ಅದೇ ಹಾಡು ಇಂಡಿಯಾನಾ ರಾಜ್ಯದ ನಾಡಗೀತೆಯಾಯಿತು.